ಒಂದು ಕುರಿಗೆ ಎರಡು ಮನೆ

ಮಳವಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ನನ್ನ ಹೆಸರು ಶಾಲಿನಿ. ಹದಿನಾಲ್ಕು ವರ್ಷದಿಂದ ಈ ತಾಲ್ಲೂಕಿನ ಅರ್ಜಿ, ಬಾಂಡ್ ಪೇಪರು, ಲಗ್ನಪತ್ರಿಕೆ, ತಿಥಿ ಕಾರ್ಡು ಎಲ್ಲವೂ ನನ್ನ ಬೆರಳ ಕೆಳಗೇ ಹಾದುಹೋಗಿವೆ. ಯಾರು ಎಷ್ಟು ಸುಳ್ಳು ಬರೆಸುತ್ತಾರೆ ಅನ್ನುವುದು ನನಗೆ ಗೊತ್ತಿರುವಷ್ಟು ಅವರ ಮನೆಯವರಿಗೂ ಗೊತ್ತಿರಲಿಕ್ಕಿಲ್ಲ. ತನ್ನ ತಪ್ಪನ್ನು ದಪ್ಪ ಅಕ್ಷರದಲ್ಲಿ ಟೈಪ್ ಮಾಡು ಎಂದು ನನ್ನನ್ನು ಗದರಿದವಳು ಇಲ್ಲಿಯವರೆಗೆ ಒಬ್ಬಳೇ. ಅವಳು ಮಂಗಳಮ್ಮ. ನಾನು ಕರೆಯುವುದು ಮಂಗಳಕ್ಕ ಅಂತ.

ಸಂಕ್ರಾಂತಿ ಕಳೆದ ವಾರ ಅವಳು ನೂರು ಪುಟದ ಒಂದು ನೋಟ್‌ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು.

“ಇದ್ನ ಒಸಿ ಟೈಪ್ ಮಾಡ್ಕೊಡವ್ವ. ಕನ್ನಡ್ದಲ್ಲೇ ಇರ್ಲಿ.”

“ಏನಕ್ಕ ಇದು?”

“ಬಿಸಿನೆಸ್ ಪ್ಲಾನು.”

ನನಗೆ ನಗು ಬಂತು. ಬಂದ ನಗುವನ್ನು ತಡೆಯುವ ಅಭ್ಯಾಸ ನನಗಿಲ್ಲ. “ಯಾರ್ದು?” ಅಂದೆ.

“ನಂದೇ. ಯಾಕೆ, ನನ್ ತಲೆ ಮ್ಯಾಲೆ ಕೊಂಬು ಗಿಂಬು ಬಂದವಾ, ಅಂಗ್ ನೋಡ್ತಿದ್ದೀಯ?”

ಅವಳು ನಗಲಿಲ್ಲ. ನಾನು ಕುರ್ಚಿ ಎಳೆದುಕೊಟ್ಟೆ.

ಮಂಗಳಕ್ಕನ ಊರು ಬಂಡೂರಿನಿಂದ ಎರಡು ಮೈಲಿ. ಹದಿನೆಂಟಕ್ಕೆ ಮದುವೆಯಾಗಿ ಅಲ್ಲಿಗೆ ಬಂದಾಗ ಗಂಡ ಪುಟ್ಟರಾಜುವಿಗೆ ಇದ್ದದ್ದು ಒಂದೂವರೆ ಎಕರೆ ಗದ್ದೆ ಮತ್ತು ಮಾತೇ ಹೊರಡದ ಬಾಯಿ. ಎಸ್ಸೆಸ್ಸೆಲ್ಸಿ ಸೆಕೆಂಡ್ ಕ್ಲಾಸಿನಲ್ಲಿ ಪಾಸಾಗಿದ್ದ ಹುಡುಗಿ ಸುಮ್ಮನೆ ಕೂರಲಿಲ್ಲ. ಎದುರು ಮನೆಯ ಜಯಲಕ್ಷ್ಮಮ್ಮನ ಹತ್ತಿರ ಎರಡು ಕುರಿಯನ್ನು ಪಾಲಿಗೆ ಕೇಳಿ ತಂದಳು. ಪಾಲು ಎಂದರೆ ಇಷ್ಟೆ: ಕುರಿ ಒಬ್ಬರದು, ಮೇಯಿಸಿ ಸಾಕುವವರು ಇನ್ನೊಬ್ಬರು, ಹುಟ್ಟಿದ ಮರಿಯಲ್ಲಿ ಅರ್ಧ ಅರ್ಧ. ಹಂಚುವ ದಿನ ಸಾಕಿದವರು ಮರಿಗಳನ್ನು ಎರಡು ಗುಂಪು ಮಾಡಬೇಕು. ಕುರಿ ಕೊಟ್ಟವರು ತಮಗೆ ಬೇಕಾದ ಗುಂಪನ್ನು ಆರಿಸಿಕೊಳ್ಳಬೇಕು. ಹೀಗಿರುವಾಗ ಗುಂಪು ಮಾಡುವವರು ಕೈಚಳಕ ತೋರಿಸಿದರೆ ಟೋಪಿ ಬೀಳುವುದು ಅವರಿಗೇ. ಸಹಿ, ಸಾಕ್ಷಿ, ಕೋರ್ಟು ಯಾವುದೂ ಬೇಡ.

ಮೂವತ್ತು ವರ್ಷದಲ್ಲಿ ಅವಳ ಕೊಟ್ಟಿಗೆಯಲ್ಲಿ ಇಪ್ಪತ್ತೆರಡು ಸ್ವಂತ ಕುರಿಗಳಾದವು. ಎಲ್ಲವೂ ಅಪ್ಪಟ ಬಂಡೂರು ತಳಿ: ಗಿಡ್ಡ ಕಾಲು, ತುಂಬಿದ ಮೈ, ಜೋತುಬಿದ್ದ ಎಲೆಯಂಥ ಕಿವಿ. ಈ ಕುರಿಯ ಮಾಂಸದ ಹೆಸರು ಹೇಳಿದರೆ ಬೆಂಗಳೂರಿನವರ ಬಾಯಲ್ಲಿ ನೀರು ಬರುತ್ತದೆ. ಅದಕ್ಕೇ ಅಲ್ಲಿ ಯಾವ ಕುರಿಯನ್ನು ಕಡಿದರೂ ಇದರ ಹೆಸರೇ ಹೇಳುವುದು. ಈ ಹೆಸರಿನಿಂದ ದುಡ್ಡು ಮಾಡಿದವರು ಬಹಳ ಜನ. ಅವರಲ್ಲಿ ಕುರಿ ಸಾಕಿದ ಹೆಂಗಸರು ಒಬ್ಬರೂ ಇಲ್ಲ.

ಯಾಕಿಲ್ಲ ಅಂದರೆ ಟವಲ್ಲಿನಿಂದ. ನಮ್ಮ ಕಡೆ ಕುರಿ ವ್ಯಾಪಾರಿ ಬಂದರೆ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಹೆಗಲ ಮೇಲಿನ ಟವಲ್ಲನ್ನು ಕೈ ಮೇಲೆ ಹರಡಿ, ಮನೆಯ ಗಂಡಸಿನ ಬೆರಳು ಹಿಡಿದು ಒತ್ತುತ್ತಾನೆ. ಎಷ್ಟು ಬೆರಳು ಒತ್ತಿದನೋ ಅಷ್ಟು ಬೆಲೆ. ಪಕ್ಕದಲ್ಲೇ ನಿಂತವರಿಗೂ ಗೊತ್ತಾಗುವುದಿಲ್ಲ. ಹೋದ ಮನೆಯಲ್ಲಿ ಎಷ್ಟು ಕೊಟ್ಟ, ಮುಂದಿನ ಮನೆಯಲ್ಲಿ ಎಷ್ಟು ಕೊಡುತ್ತಾನೆ ಎಂಬುದು ಅವನಿಗೆ ಮತ್ತು ಟವಲ್ಲಿಗೆ ಮಾತ್ರ ಗೊತ್ತು. ಆ ಸುತ್ತಿನ ಹತ್ತು ಹಳ್ಳಿಗೆ ಈ ವ್ಯಾಪಾರಿ ಕೆಂಪಸಿದ್ದಯ್ಯ.

ಎರಡು ವರ್ಷದ ಹಿಂದೆ ಕೆಂಪಸಿದ್ದಯ್ಯ ಬಂದಾಗ ಪುಟ್ಟರಾಜು ಗದ್ದೆಗೆ ಹೋಗಿದ್ದ. “ಯಜಮಾನ್ರು ಬರ್ಲಿ ಬುಡವ್ವ,” ಎಂದು ಜಗಲಿ ಮೇಲೆ ಕೂತ. ಮಂಗಳಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು, ತನ್ನ ಕೈಯನ್ನೇ ಅವನ ಟವಲ್ಲಿನ ಕೆಳಗೆ ಇಟ್ಟಳು. ಕೆಂಪಸಿದ್ದಯ್ಯ ಕೆಂಡ ತಗುಲಿದವನ ಹಾಗೆ ಕೈ ಎಳೆದುಕೊಂಡ.

“ಎಂಗುಸ್ರು ಕೈ ಇಡೋ ಜಾಗ್ವಾ ಇದು?”

“ಸಗಣಿ ಬಾಚೋ ಕೈ, ಮರಿ ಈಯುಸ್ದ ಕೈ ಇದು. ಇದ್ಕೆ ಬೆಲೆ ಏಳಕ್ಕೆ ನಾಚ್ಕೆ ಆದ್ರೆ ಬಾಯ್ನಲ್ಲಿ ಏಳು.”

ಅವನು ಎದ್ದು ಹೋದ. ಆರು ತಿಂಗಳು ಅವಳ ಬಾಗಿಲಿಗೆ ಒಬ್ಬ ವ್ಯಾಪಾರಿಯೂ ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಗಂಡನ ಕೈಲಿ ಕ್ಷಮೆ ಕೇಳಿಸುತ್ತಿದ್ದರು. ಇವಳು ಊರಿನ ಇಪ್ಪತ್ತೈದು ಹೆಂಗಸರನ್ನು ಹಾಲಿನ ಡೈರಿ ಮುಂದೆ ಕೂರಿಸಿ, ತನ್ನನ್ನೂ ಸೇರಿಸಿ ಇಪ್ಪತ್ತಾರು ಜನರ ಕಂಪನಿ ಮಾಡೋಣ ಎಂದಳು. ಕುರಿಯ ಕಿವಿಗೆ ನಂಬರಿನ ಓಲೆ ಹಾಕುವುದು, ತಕ್ಕಡಿಯಲ್ಲಿ ತೂಗುವುದು, ಬೆಲೆಯನ್ನು ಗೋಡೆ ಮೇಲೆ ಬರೆದು ಮಾರುವುದು. ಕಂಪನಿಯ ಹೆಸರು “ಗಿಡ್ಡಗಾಲು”. ಹೆಸರಿಗೆ ನಕ್ಕವರಿಗೆಲ್ಲ, “ನಗಿ, ಅಂಗಾದ್ರೂ ಗ್ಯಾಪ್ಕ ಇರ್ತದೆ,” ಎಂದಳು.

ಪಟ್ಟಣಕ್ಕೆ ಕುರಿ ಸಾಗಿಸಲು ಗಾಡಿ ಬೇಕು, ತಕ್ಕಡಿ ಬೇಕು, ಶೆಡ್ಡು ಬೇಕು. ಮಂಡ್ಯದಲ್ಲಿ ಹೊಸ ಕಂಪನಿಗಳಿಗೆ ಹಣ ಹೂಡುವವರ ಸಭೆ ಇದೆ, ಪ್ಲಾನ್ ಬರೆದು ತಂದರೆ ಹತ್ತು ನಿಮಿಷ ಮಾತಾಡಲು ಬಿಡುತ್ತಾರೆ ಎಂದು ಯಾರೋ ಹೇಳಿದರು. ಭಾರತೀನಗರದಲ್ಲಿ ಸ್ವರೂಪ್ ಎಂಬ ಹುಡುಗ ಅಂಥ ಪ್ಲಾನ್ ಬರೆದುಕೊಡುತ್ತಿದ್ದ. ಅವನು ಇಂಗ್ಲಿಷಿನಲ್ಲಿ ನಲವತ್ತು ಪುಟ ಬರೆದು, ಬಣ್ಣದ ರಟ್ಟು ಹಾಕಿಸಿ ಕೊಟ್ಟ. ರಟ್ಟಿನ ಮೇಲೆ ಎಲ್ಲಿಯದೋ ಹಸಿರು ಗುಡ್ಡದ ಮೇಲೆ ನಿಂತ ಒಂದು ಕುರಿ.

“ಇದ್ಯಾವ್ ಕುರೀಲಾ ಸ್ವರೂಪ? ಕಾಲ್ ನೋಡು, ಕೊಕ್ಕರೆ ಕಾಲು. ಇದ್ನ ಹಾಕ್ಕೊಂಡು ಗಿಡ್ಡಗಾಲು ಅಂದ್ರೆ ಜನ ಉಗಿಯಕಿಲ್ವಾ?”

ಅದನ್ನಾದರೂ ಸಹಿಸಿಕೊಳ್ಳುತ್ತಿದ್ದಳೇನೋ. ಒಳಗೆ ಎರಡನೇ ಪುಟದಲ್ಲಿ ಅವಳ ಬಗ್ಗೆ ಏನು ಬರೆದಿದ್ದಾನೆ ಎಂದು ಓದಿಸಿ ಕೇಳಿದಾಗ, “ಅಕ್ಷರ ಬಾರದ ಬಡ ಹಳ್ಳಿ ಹೆಂಗಸು” ಎಂದಿತ್ತು. ಹೂಡುವವರಿಗೆ ಕನಿಕರ ಬರಲಿ ಅಂತ ಹಾಗೆ ಬರೆದದ್ದು ಎಂದ.

“ನಂಗೆ ಬೇಕಾಗಿರೋದು ಗಾಡಿ ಕಣ್ಲಾ, ಕನಿಕರ ಅಲ್ಲ,” ಎಂದು ಅವನ ನಲವತ್ತು ಪುಟವನ್ನು ಅವನ ಮೇಜಿನ ಮೇಲೇ ಬಿಟ್ಟು ಬಂದಳು. ಆಮೇಲೆ ಒಂದು ವಾರ ಮಧ್ಯಾಹ್ನದ ಹೊತ್ತು, ಕುರಿಗಳು ಮೆಲುಕು ಹಾಕುವ ಸಮಯದಲ್ಲಿ, ಕೊಟ್ಟಿಗೆಯ ಹೊಸ್ತಿಲ ಮೇಲೆ ಕೂತು ತಾನೇ ಬರೆದಳು. ಆ ನೋಟ್‌ಬುಕ್ಕೇ ನನ್ನ ಮೇಜಿನ ಮೇಲೆ ಬಂದದ್ದು.

ಓದುತ್ತಾ ಹೋದಂತೆ ನನ್ನ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಸಭೆಯವರು ಕೇಳಿದ್ದ ‘ನಿಮ್ಮ ಎದುರಾಳಿಗಳು ಯಾರು?’ ಎಂಬ ಪ್ರಶ್ನೆಗೆ, ‘ಯಾವ ಕುರಿಗೂ ನಮ್ಮ ಕುರಿಯ ಹೆಸರು ಹೇಳಿ ಮಾರುವವರು’ ಎಂದು ಬರೆದಿದ್ದಳು. ‘ಅಪಾಯಗಳು?’ ಎಂಬುದರ ಕೆಳಗೆ ‘ನೀಲಿ ನಾಲಿಗೆ ರೋಗ, ಬೀದಿ ನಾಯಿ, ಮೈದುನಂದಿರು’. ಮೈದುನಂದಿರನ್ನು ತೆಗೆಯೋಣವಾ ಎಂದೆ. “ಯಾಕೆ, ನಾಯಿ ಇರ್ಬೋದಂತೆ, ಅವ್ರು ಇರ್ಬಾರ್ದಾ?” ಎಂದಳು. ಹೂಡುವವರಿಗೆ ಅರ್ಧ ಪಾಲು, ನಮಗೆ ಅರ್ಧ ಎಂದು ಕೊನೆಗೆ ಬರೆದಿತ್ತು. ಅದರ ಹಿಂದಿನ ಪುಟದಲ್ಲಿ ಇಪ್ಪತ್ತಾರು ಮನೆಯ ಪಟ್ಟಿ. ಮನೆ ಮನೆಗೂ ಹೋಗಿ, ‘ನಿಮ್ಮವು ಎಷ್ಟು?’ ಎಂದು ಕೇಳಿ ಬರೆದುಕೊಂಡಿದ್ದಳು. ನಾನು ಕೂಡಿಸಿದೆ. ಇನ್ನೂರ ಹದಿನಾಲ್ಕು ಕುರಿ.

ಮಂಡ್ಯದ ಸಭೆಗೆ ನಾನೂ ಜೊತೆಗೆ ಹೋದೆ. ಅಂಗಡಿಗೆ ಬೀಗ ಹಾಕಿ ಹೋದದ್ದು ಹದಿನಾಲ್ಕು ವರ್ಷದಲ್ಲಿ ನಾಲ್ಕನೇ ಸಲ. ತಣ್ಣಗಿನ ಹಾಲ್, ಮುಂದಿನ ಸಾಲಿನಲ್ಲಿ ಐದು ಜನ. ನಮಗಿಂತ ಮೊದಲು ಮಾತಾಡಿದ ಹುಡುಗರೆಲ್ಲ ಪರದೆಯ ಮೇಲೆ ಚಿತ್ರ ತೋರಿಸಿದರು. ಮಂಗಳಕ್ಕ ನಾನು ಟೈಪ್ ಮಾಡಿದ ಹನ್ನೊಂದು ಪುಟ ಹಿಡಿದು ನಿಂತು, ಟವಲ್ಲಿನ ಕಥೆ ಹೇಳಿದಳು. ಆ ಐವರಲ್ಲಿ ವೀಣ ಎಂಬ ಬೆಂಗಳೂರಿನ ಹೆಂಗಸು ಮುಂದಕ್ಕೆ ಬಾಗಿ ಕೇಳಿದರು. ಕೊನೆಗೆ, “ಐದು ವರ್ಷ ಆದ ಮೇಲೆ ನಾನು ನಿಮ್ಮ ಕಂಪನಿಯಿಂದ ಹೊರಗೆ ಬರೋ ದಾರಿ ಯಾವುದು?” ಎಂದರು.

“ಬಂದ್ ದಾರೀಲೇ ಕಣಮ್ಮ. ಮಳವಳ್ಳಿ ಮೇಲೆ ಬಂದು, ಮದ್ದೂರ್ ಮೇಲೆ ಓಗದು.”

ಹಾಲ್ ನಕ್ಕಿತು. ವೀಣ ಅವರೂ ನಕ್ಕರು. ಅರ್ಧ ಪಾಲಿಗೆ ಒಪ್ಪಿಗೆ, ಆದರೆ ತಮ್ಮ ಕಡೆಯವರು ಬಂದು ಕುರಿ ಎಣಿಸುತ್ತಾರೆ, ಎಣಿಕೆ ಸರಿಯಿದ್ದರೆ ಮಾತ್ರ ಎಂದರು.

ಆ ‘ಮಾತ್ರ’ದ ಮೇಲೆ ಇಪ್ಪತ್ತಾರು ಮನೆ ನಿಂತಿತ್ತು. ಯುಗಾದಿಯ ಮಾರನೇ ದಿನದ ಮಾಂಸದೂಟದ ಹಬ್ಬ ಹೊಸತೊಡಕಿಗೆ ಮಾರುವ ಟಗರು ಮರಿಗಳನ್ನು ಆ ವರ್ಷ ಯಾರೂ ಕೆಂಪಸಿದ್ದಯ್ಯನಿಗೆ ಕೊಟ್ಟಿರಲಿಲ್ಲ. ಮಂಗಳಕ್ಕನ ಮಾತು ನಂಬಿ ಹಿಡಿದಿಟ್ಟಿದ್ದರು. ವೀಣ ಕೈಬಿಟ್ಟರೆ ಎಲ್ಲರೂ ಮತ್ತೆ ಅದೇ ಟವಲ್ಲಿನ ಮುಂದೆ ತಲೆ ತಗ್ಗಿಸಬೇಕಿತ್ತು.

ಯುಗಾದಿಗೆ ಹನ್ನೆರಡು ದಿನ ಇರುವಾಗ ಎಣಿಸುವವರು ಬಂದರು. ಒಂದೊಂದೇ ಕುರಿಯ ಕಿವಿಗೆ ನಂಬರಿನ ಓಲೆ ಹಾಕುತ್ತಾ ಹೋದರು. ಸಂಜೆ ಹೊತ್ತಿಗೆ ಊರಿನಲ್ಲಿ ಓಲೆ ಇಲ್ಲದ ಕುರಿ ಒಂದೂ ಉಳಿಯಲಿಲ್ಲ. ಓಲೆ ಖರ್ಚಾದದ್ದು ನೂರ ಮೂವತ್ತೊಂದು.

ಎಂಬತ್ತಮೂರು ಕುರಿ ಎಲ್ಲಿ ಹೋದವು? ಮಂಗಳಕ್ಕ ಕೊಟ್ಟಿಗೆ ಕೊಟ್ಟಿಗೆ ಓಡಾಡಿದಳು. ನಾನು ಪಟ್ಟಿ ಹಿಡಿದು ಹಿಂದೆಯೇ ಓಡಾಡಿದೆ. ಜಯಲಕ್ಷ್ಮಮ್ಮನ ಹೆಸರಿನ ಮುಂದೆ ನಲವತ್ತು ಎಂದಿತ್ತು, ಕೊಟ್ಟಿಗೆಯಲ್ಲಿ ಇದ್ದದ್ದು ಹದಿಮೂರು.

“ಮಿಕ್ಕುವ್ ಎಲ್ಲಿ ಅಕ್ಕ?” ಅಂದೆ.

“ಎಲ್ಲಿ ಅಂದ್ರೆ? ನಾಗರತ್ನನ ಮನೇಲಿ ಒಂಬತ್ತು, ರಂಜಿತನ ಮನೇಲಿ ಏಳು, ಇನ್ನೊಂದಷ್ಟು ಅಲ್ಲಲ್ಲಿ. ಪಾಲಿಗೆ ಬಿಟ್ಟಿವ್ನಿ.”

“ನಾಗರತ್ನ ಅವು ತನ್ನುವು ಅಂತ ಬರ್ಸವ್ಳಲ್ಲ!” ಎಂದಳು ಮಂಗಳಕ್ಕ.

“ಅವ್ಳುದೂ ಹೌದು. ಅವ್ಳು ಸಾಕ್ತಾವ್ಳೆ. ನಂದೂ ಹೌದು. ಅದ್ರಲ್ಲೇನ್ ತಪ್ಪದೆ?”

ತಪ್ಪೇನೂ ಇರಲಿಲ್ಲ. ‘ನಿಮ್ಮವು ಎಷ್ಟು?’ ಎಂದು ಕೇಳಿದರೆ ಕೊಟ್ಟವಳೂ ನಮ್ಮದು ಎನ್ನುತ್ತಾಳೆ, ಸಾಕಿದವಳೂ ನಮ್ಮದು ಎನ್ನುತ್ತಾಳೆ. ಪಾಲಿನ ಕುರಿ ಒಂದೊಂದೂ ಎರಡು ಸಲ ಪಟ್ಟಿಗೆ ಹತ್ತಿತ್ತು. ಬೇರೆ ಊರಿನವರಾಗಿದ್ದರೆ ಕೇಳದೆ ಕುರಿಯನ್ನೇ ಎಣಿಸುತ್ತಿದ್ದರು, ಈ ತಪ್ಪು ಆಗುತ್ತಲೇ ಇರಲಿಲ್ಲ. ಇದು ನಾವೇ ಮಾಡಬೇಕಾದ ತಪ್ಪು. ಮೂವತ್ತು ವರ್ಷ ಪಾಲಿನಲ್ಲೇ ಬಾಳಿದ ಮಂಗಳಕ್ಕನಿಗೂ ಹೊಳೆದಿರಲಿಲ್ಲ, ಕೂಡಿಸಿದ ನನಗೂ ಹೊಳೆಯಲಿಲ್ಲ.

ಎಣಿಸಿದವರು, “ಸುಳ್ಳು ಲೆಕ್ಕ,” ಎಂದು ನಮ್ಮ ಮುಂದೆಯೇ ಫೋನಿನಲ್ಲಿ ಹೇಳಿದರು. ಮಾರನೇ ದಿನ ಕೆಂಪಸಿದ್ದಯ್ಯ ಬೈಕಿನಲ್ಲಿ ಊರೊಳಗೆ ಒಂದು ಸುತ್ತು ಹೊಡೆದು ಹೋದ. ಟವಲ್ಲು ಹೊಸದಾಗಿತ್ತು.

ಮಂಗಳಕ್ಕ ನನ್ನ ಅಂಗಡಿಗೆ ಬಂದಾಗ ಮುಖ ಗಂಟಾಗಿತ್ತು. ಅವಳನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು. ‘ಟೈಪಿಂಗ್ ತಪ್ಪು ಅಂತ ನನ್ನ ತಲೆಗೆ ಕಟ್ಟಿಬಿಡಕ್ಕ, ನಾನು ಒಪ್ಪಿಕೊಳ್ಳುತ್ತೇನೆ’ ಎಂದೆ. ಅಷ್ಟರಲ್ಲಿ ಅವಳಿಗೆ ಸ್ವರೂಪನ ಫೋನು ಬಂತು, ಎಣಿಕೆಯ ಸುದ್ದಿ ಅವನಿಗೂ ಮುಟ್ಟಿತ್ತು. ಯಲಿಯೂರಿನಲ್ಲಿ ತನ್ನ ಮಾವನ ಮಂದೆ ಇದೆ, ಎಂಬತ್ತು ಕುರಿಯನ್ನು ಲಾರಿಯಲ್ಲಿ ತರಿಸುತ್ತೇನೆ, ಇನ್ನೊಂದು ಸಲ ಎಣಿಸಲು ಹೇಳಿ ಎಂದ.

“ಕಾಲ್ ಉದ್ದ ಇರೋವಾ?” ಎಂದು ಕೇಳಿ ಮಂಗಳಕ್ಕ ಫೋನ್ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. “ನಿನ್ ತಲೆಗ್ಯಾಕೆ ಕಟ್ಲಿ? ತಪ್ಪು ನಂದು. ಬರಿ. ದಪ್ಪಕ್ಸರ್ದಲ್ಲಿ ಬರಿ.”

ನಾನು ಬರೆದೆ. ‘ಕುರಿಗಳು ಇನ್ನೂರ ಹದಿನಾಲ್ಕು ಅಲ್ಲ, ನೂರ ಮೂವತ್ತೊಂದು. ಎಣಿಕೆ ತಪ್ಪಿದ್ದು ನಾನು, ಮಂಗಳಮ್ಮ. ಸುಳ್ಳು ಹೇಳಿಲ್ಲ. ನಮ್ಮೂರಿನಲ್ಲಿ ಎಂಬತ್ತಮೂರು ಕುರಿಗೆ ಎರಡೆರಡು ಮನೆ ಇವೆ. ಒಂದು ಮನೆಯವರಿಗೆ ಮೇವು ಹಾಕಲು ಆಗದಿದ್ದರೆ ಇನ್ನೊಂದು ಮನೆಯವರು ಹಾಕುತ್ತಾರೆ. ನಿಮ್ಮ ಪಟ್ಟಿಯಲ್ಲಿ ಇದಕ್ಕೆ ಜಾಗ ಇಲ್ಲದಿದ್ದರೆ ಜಾಗ ಮಾಡಿಕೊಳ್ಳಿ.’

ಕೊನೆಯ ಸಾಲು ಸ್ವಲ್ಪ ಜಾಸ್ತಿ ಆಯಿತು ಎಂದೆ. “ಆಗ್ಲಿ ಬುಡು,” ಎಂದಳು. ಕಳಿಸಿದೆವು.

ಉತ್ತರ ಬಂದದ್ದು ಆರು ದಿನ ಬಿಟ್ಟು. ಭಾನುವಾರ ನಾನೇ ಬರುತ್ತೇನೆ, ಲೆಕ್ಕ ಕಡಿಮೆ ಆದ್ದರಿಂದ ಪಾಲಿನ ಬಗ್ಗೆ ಮತ್ತೆ ಮಾತಾಡಬೇಕು ಎಂದಿದ್ದರು ವೀಣ. ಮಂಗಳಕ್ಕ ಅದನ್ನು ಎರಡು ಸಲ ಓದಿದಳು. ಆಮೇಲೆ ಇನ್ನೂ ಎರಡು ಪುಟ ಟೈಪ್ ಮಾಡಿಸಿದಳು. ಒಂದರಲ್ಲಿ ಗಾಡಿ, ತಕ್ಕಡಿ, ಶೆಡ್ಡು, ಬೆಂಗಳೂರಿನ ಗಿರಾಕಿಗಳು. ಇನ್ನೊಂದರಲ್ಲಿ ನೂರ ಮೂವತ್ತೊಂದು ಕುರಿ, ಇಪ್ಪತ್ತಾರು ಹೆಂಗಸರು, ಗಿಡ್ಡಗಾಲು ಎಂಬ ಹೆಸರು. ಯಾಕೆ ಎಂದು ಕೇಳಿದರೆ, “ಭಾನ್ವಾರ ನೋಡ್ವಂತೆ,” ಎಂದಳು.

ಭಾನುವಾರ ಹಾಲಿನ ಡೈರಿಯ ಮುಂದಿನ ಬಯಲಿನಲ್ಲಿ ಎಲ್ಲರೂ ಸೇರಿದ್ದರು. ಟಗರು ಮರಿಗಳನ್ನೂ ಹಿಡಿದು ತಂದಿದ್ದರು. ಎದುರಿನ ಟೀ ಅಂಗಡಿಯಲ್ಲಿ ಕೆಂಪಸಿದ್ದಯ್ಯ ಕೂತಿದ್ದ. ಯುಗಾದಿಗೆ ಮೂರೇ ದಿನ ಉಳಿದಿತ್ತು. ಅವನು ಅವಸರವೇ ಇಲ್ಲದವನ ಹಾಗೆ ಟೀ ಆರಿಸಿಕೊಂಡು ಕುಡಿಯುತ್ತಿದ್ದ.

ವೀಣ ಕಾರಿನಿಂದ ಇಳಿದು, “ಒಳಗೆ ಕೂತು ಮಾತಾಡೋಣ ಮಂಗಳಮ್ಮ,” ಎಂದರು.

“ಒಳ್ಗೆ ಬ್ಯಾಡಿ. ಟವಲ್ ಕೆಳ್ಗಿನ ಮಾತು ನಮ್ಗೆ ಸಾಕಾಗದೆ. ಇಲ್ಲೇ ಏಳಿ, ಎಲ್ರೂ ಕೇಳ್ಕಳ್ಲಿ.”

ವೀಣ ಸುತ್ತ ನೋಡಿ ಹೇಳಿದರು: “ನನಗೆ ನೂರಕ್ಕೆ ಐವತ್ತೊಂದು ಪಾಲು ಬೇಕು. ಎಣಿಕೆಯಲ್ಲೇ ಹೀಗೆ ತಪ್ಪಿದರೆ ಮುಂದೆ ಗತಿ ಏನು? ಕೊನೆಯ ತೀರ್ಮಾನ ನನ್ನ ಕೈಯಲ್ಲಿರಬೇಕು.”

ಜಯಲಕ್ಷ್ಮಮ್ಮ ಮೆಲ್ಲಗೆ, “ಒಂದೇ ತಾನೆ ಜಾಸ್ತಿ, ಒಪ್ಕಬುಡೇ,” ಎಂದಳು.

“ಆ ಒಂದ್ರಲ್ಲೇ ಅದೆ ಎಲ್ಲ,” ಎಂದ ಮಂಗಳಕ್ಕ ವೀಣ ಕಡೆ ತಿರುಗಿದಳು. “ತಪ್ಪು ಮಾಡಿವ್ನಿ, ಬರ್ದು ಕೊಟ್ಟಿವ್ನಿ. ದಂಡ ಹಾಕಿ. ದೊಡ್ಡ್ ಗಾಡಿ ಬದ್ಲು ಚಿಕ್ಕ್ ಗಾಡಿ ಕೊಡಿ, ಇಸ್ಕತೀನಿ. ಎಣಿಸಕ್ಕೆ ನಿಮ್ಮೋರ್ನೇ ಇಡಿ, ಊಟ ಹಾಕ್ತೀನಿ. ಆದ್ರೆ ತಪ್ಪು ಮಾಡ್ದೋಳು ಮನೆ ಕೀಲಿಕೈನೇ ಕೊಡ್ಬೇಕು ಅಂದ್ರೆ ಆಗಕಿಲ್ಲ ಕಣಮ್ಮ.”

ಅವಳು ಆ ಎರಡು ಪುಟಗಳನ್ನು ವೀಣ ಅವರ ಮುಂದೆ ಚಾಚಿದಳು. “ನಮ್ ಕಡೆ ಸಾಕೋರು ಎರಡು ಗುಂಪು ಮಾಡ್ತೀವಿ, ಕೊಟ್ಟೋರು ಆರಿಸ್ಕತಾರೆ. ಮಾಡಿವ್ನಿ. ಆರಿಸ್ಕಳಿ.”

ವೀಣ ಎರಡನ್ನೂ ನಿಧಾನವಾಗಿ ಓದಿದರು. “ಎರಡನೆಯದರಲ್ಲಿ ಇಪ್ಪತ್ತಾರು ಹೆಂಗಸರೂ ಇದ್ದಾರೆ. ಇವರನ್ನ ಆರಿಸಿಕೊಂಡು ನಾನು ಏನು ಮಾಡಲಿ? ಮೊದಲನೆಯದು ತಗೊಂಡರೆ ಗಾಡಿ ಇರುತ್ತೆ, ತುಂಬಿಸೋಕೆ ಕುರಿ ಇರಲ್ಲ.”

“ನಮ್ಗೂ ಅಂಗೇ. ಕುರಿ ಇರ್ತದೆ, ಗಾಡಿ ಇರಕಿಲ್ಲ. ಒಬ್ರನ್ನ ಬುಟ್ಟು ಒಬ್ರು ಬದ್ಕಕ್ಕಾಗ್ಬಾರ್ದು. ಪಾಲು ಅಂದ್ರೆ ಅದೇಯ.”

“ಯೋಚನೆ ಮಾಡಬೇಕು,” ಎಂದು ವೀಣ ಪುಟಗಳನ್ನು ವಾಪಸ್ ಕೊಟ್ಟು ಕಾರಿನ ಕಡೆ ನಡೆದರು. ಇಂಥ ‘ಯೋಚನೆ ಮಾಡಬೇಕು’ಗಳನ್ನು ನಾನು ಬಹಳ ಕೇಳಿದ್ದೇನೆ.

ಕೆಂಪಸಿದ್ದಯ್ಯ ಟೀ ಲೋಟ ಇಟ್ಟು ಎದ್ದು ಬಂದ. “ಮುಗೀತೇನವ್ವ ಕಂಪ್ನಿ?” ಎನ್ನುತ್ತಾ ಟವಲ್ಲನ್ನು ಕೈ ಮೇಲೆ ಹರಡಿ, ಎದುರಿಗಿದ್ದ ಪುಟ್ಟರಾಜುವಿನ ಕಡೆ ಚಾಚಿದ. ಪುಟ್ಟರಾಜು ತನ್ನ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಆ ಮನುಷ್ಯ ಸಭೆಯಲ್ಲಿ ಮಾತಾಡಿದ್ದನ್ನು ಊರು ಅವತ್ತೇ ಕೇಳಿದ್ದು.

“ಅವ್ಳುನ್ನ ಕೇಳು.”

ಮಂಗಳಕ್ಕ ಕೆಂಪಸಿದ್ದಯ್ಯನ ಕೈ ಮೇಲಿಂದ ಟವಲ್ಲನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ತನ್ನ ಹೆಗಲ ಮೇಲೆ ಹಾಕಿಕೊಂಡಳು. ತನ್ನ ದಪ್ಪ ಟಗರು ಮರಿಯನ್ನು ಮುಂದಕ್ಕೆ ತಳ್ಳಿದಳು.

“ಬೆಲೆ ಏಳು. ಬಾಯ್ನಲ್ಲಿ.”

ಅವನು ಸುತ್ತ ನೋಡಿದ. ಇಪ್ಪತ್ತಾರು ಜೊತೆ ಕಣ್ಣು. ಜೇಬಿನಲ್ಲಿ ಫೋನ್ ಗುಂಯ್‌ಗುಡುತ್ತಿತ್ತು. ಹೊಸತೊಡಕಿಗೆ ಕುರಿ ಕೇಳಿ ಬೆಂಗಳೂರಿನವರು ಬಡಿದುಕೊಳ್ಳುತ್ತಿದ್ದರು. ಅವನಿಗೆ ಅವತ್ತು ಬೇರೆ ಕಡೆ ಅಪ್ಪಟ ಟಗರು ಸಿಗುವ ಹಾಗಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

“ಅನ್ನೆರಡು,” ಎಂದು ಗಂಟಲಲ್ಲೇ ಅಂದ.

“ಕೇಳುಸ್ಲಿಲ್ಲ.”

“ಅದ್ನೈದು ಕಣಮ್ಮ! ಅದ್ನೈದು ಸಾವ್ರ!”

ಜಯಲಕ್ಷ್ಮಮ್ಮ ಕಿರುಚಿದಳು. “ಓದ್ ವರ್ಸ ಇಂಥದ್ದೇ ಮರಿಗೆ ನಂಗೆ ಒಂಬತ್ತು ಅಂದ್ಯಲ್ಲೋ!”

“ನಂಗೆ ಏಳೂವರೆ!” ಎಂದಳು ನಾಗರತ್ನ.

“ನಮ್ಮನೇದ್ನ ಆರ್ಕೆ ಓಡುಸ್ಕೊಂಡ್ ಓದ್ಯಲ್ಲ, ನಿನ್ ಮನೆ ಆಳಾಗ!” ಎಂದು ಇನ್ನೊಬ್ಬಳು. ಇಪ್ಪತ್ತಾರು ಬಾಯಿ ಒಟ್ಟಿಗೆ ತೆರೆದುಕೊಂಡವು. ಎಷ್ಟೋ ವರ್ಷ ಟವಲ್ಲಿನ ಕೆಳಗಿದ್ದದ್ದೆಲ್ಲ ಹಾಡಹಗಲಲ್ಲಿ ಡೈರಿ ಮುಂದೆ ಬಿದ್ದಿತ್ತು. ಕೆಂಪಸಿದ್ದಯ್ಯ ಬರಿ ಹೆಗಲನ್ನು ಒಂದೇ ಸಮ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ನನಗಂತೂ ಶಿಳ್ಳೆ ಹೊಡೆಯಬೇಕು ಅನ್ನಿಸಿತು. ಹೊಡೆದೆ.

ಕಾರಿನ ಬಾಗಿಲು ಹಿಡಿದು ನಿಂತಿದ್ದ ವೀಣ ಒಳಗೆ ಹತ್ತಿರಲಿಲ್ಲ. ಗಲಾಟೆಯ ನಡುವೆ ಕುರಿಗಳನ್ನು ಬಳಸಿಕೊಂಡು ವಾಪಸ್ ಬಂದರು.

“ಮಂಗಳಮ್ಮ, ಆ ಪುಟ ಕೊಡಿ. ಆರಿಸಿದೀನಿ.”

ಮಂಗಳಕ್ಕ ಕೊಡಲಿಲ್ಲ. ಎರಡನ್ನೂ ಎದೆಗೆ ಒತ್ತಿ ಹಿಡಿದುಕೊಂಡು, ಹೆಂಗಸರಿಗೆಲ್ಲ ಸುಮ್ಮನಿರಿ ಎಂದು ಕೈ ಮಾಡಿದಳು.

“ಯಾವ್ದು? ಜೋರಾಗೇಳಿ.”

ವೀಣ ಅವಳ ಹೆಗಲ ಮೇಲಿನ ಟವಲ್ಲನ್ನು ಒಮ್ಮೆ ನೋಡಿದರು. ಆಮೇಲೆ ಟೀ ಅಂಗಡಿಯವನಿಗೂ ಕೇಳುವ ಹಾಗೆ ಹೇಳಿದರು.

“ಮೊದಲನೇ ಪುಟ, ಗಾಡಿಯದು. ಅರ್ಧ ಪಾಲು ಸಾಕು.”